ಪೆಟ್ರೋಲ್ ಮುಚ್ಚಳಕ್ಕೆ ಹಾಕಿದ ಅರಗು

ನನ್ನ ಅನುಮಾನದ ಬುದ್ಧಿಗೆ ಸಂಬಳ ಕೊಟ್ಟು ಸಾಕಿದ್ದು ಜಾಲಹಳ್ಳಿಯ ಒಂದು ಕಾರ್ಖಾನೆ. ಅಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ತಪ್ಪು ಸಿಗದ ದಿನ ಊಟ ರುಚಿಸುತ್ತಿರಲಿಲ್ಲ. ಮನೆಗೆ ಬಂದ ಮೇಲಾದರೂ ಸುಮ್ಮನಿರಬೇಕಲ್ಲ? ಹಾಲಿನವನ ಅಳತೆ ಪಾತ್ರೆಯ ತಳ ತಟ್ಟಿ ನೋಡುತ್ತಿದ್ದೆ, ತರಕಾರಿಯವಳ ತಕ್ಕಡಿಯ ಕೆಳಗೆ ಬಗ್ಗಿ ಇಣುಕುತ್ತಿದ್ದೆ. ‘ಅನುಮಾನಂ ಪೆದ್ದರೋಗಂ ಅಂತಾರೆ ಕಣೋ, ಅದಕ್ಕೆ ಔಷಧಿ ಇಲ್ಲ’ ಎಂದು ನಮ್ಮಮ್ಮ ಬಯ್ಯುತ್ತಿದ್ದಳು. ಔಷಧಿ ಇತ್ತು. ಅದು ಎಷ್ಟು ಕಹಿಯಾಗಿತ್ತು ಎನ್ನುವುದನ್ನೇ ಹೇಳಹೊರಟಿದ್ದೇನೆ.

ನಾನು ಕಾರು ಕೊಂಡದ್ದು ಶೋಕಿಗಲ್ಲ. ಎಂಬತ್ತರ ದಶಕದ ಶುರುವಿನ ಮಾತು. ನಮ್ಮ ಮನೆ ಯಲಹಂಕದಲ್ಲಿ, ಹೆರಿಗೆ ಆಸ್ಪತ್ರೆ ಹೆಬ್ಬಾಳ ದಾಟಿ ಊರೊಳಗೆ. ನನ್ನ ಹೆಂಡತಿಗೆ ಮೊದಲ ಸಲ ನೋವು ಬಂದಾಗ ಆಟೋ ಸಿಗಲಿಲ್ಲ. ಬಸ್ಸಿಗೆ ಕಾದೆವು, ಬಂದ ಬಸ್ಸು ಹೆಬ್ಬಾಳದಲ್ಲಿ ಕೆಟ್ಟಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹೋಗಿತ್ತು. ‘ಅರ್ಧ ಗಂಟೆ ಮುಂಚೆ ಬಂದಿದ್ರೆ...’ ಎಂದು ಡಾಕ್ಟರಮ್ಮ ಮಾತು ನಿಲ್ಲಿಸಿದ್ದರು. ಆ ಅರ್ಧ ಗಂಟೆ ಎರಡು ವರ್ಷ ನಮ್ಮ ಮನೆಯಲ್ಲೇ ಕೂತಿತ್ತು. ಅವಳು ಮತ್ತೆ ಬಸುರಾದಾಗ, ಇದ್ದಬದ್ದದ್ದನ್ನೆಲ್ಲ ಸುರಿದು ಬೂದು ಬಣ್ಣದ ಒಂದು ಹಳೇ ಕಾರು ತಂದೆ. ಈ ಸಲ ತಡ ಆಗಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ಕಾರನ್ನು ಮಗುವಿನಂತೆ ನೋಡಿಕೊಂಡೆ ಎಂದರೆ ಸುಳ್ಳಾದೀತು. ಕೈದಿಯಂತೆ ನೋಡಿಕೊಂಡೆ. ದಿನಾ ಬೆಳಿಗ್ಗೆ ರೇಡಿಯೇಟರ್ ನೀರು, ಇಂಜಿನ್ ಆಯಿಲ್, ಬ್ಯಾಟರಿಯ ನೀರು, ಬ್ರೇಕ್ ಆಯಿಲ್, ನಾಲ್ಕು ಚಕ್ರದ ಗಾಳಿ ಎಲ್ಲವನ್ನೂ ನೋಡಿ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ. ಸಂಜೆ ಕಾರಿನ ಕೆಳಗೆ ಹಳೇ ಪೇಪರ್ ಹಾಸಿ ಬೆಳಿಗ್ಗೆ ತೆಗೆದು ನೋಡುತ್ತಿದ್ದೆ, ಎಲ್ಲಾದರೂ ಎಣ್ಣೆ ತೊಟ್ಟಿಕ್ಕಿದೆಯೋ ಅಂತ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಚಕ್ರಕ್ಕೆ ಇಟ್ಟಿಗೆ ಕೊಡುತ್ತಿದ್ದೆ. ಕಾರು ಮಾರಿದವರು ಹೇಳಿದ್ದು ಒಂದೇ ಮಾತು: ‘ಈ ಗಾಡಿ ನಾಡಿ ಗೊತ್ತಿರೋದು ಆರ್.ಟಿ. ನಗರದ ಭಾಯ್‌ಗೆ ಮಾತ್ರ. ಬೇರೆಯವ್ರ ಕೈಗೆ ಕೊಡ್ಬೇಡಿ.’

ಆ ಭಾಯ್ ಐವತ್ತರ ಆಸುಪಾಸಿನ ಮೆಕ್ಯಾನಿಕ್. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ನಮ್ಮಷ್ಟೇ ಸಲೀಸಾದ ಕನ್ನಡ. ತಗಡಿನ ಶೆಡ್ಡು, ಮುಂದೊಂದು ಹುಣಸೇಮರ. ಸರ್ವಿಸ್‌ಗೆ ಬಿಟ್ಟರೆ ಹೊಸ ಪಾರ್ಟ್ ಬಿಚ್ಚಿ ಹಳೇದು ಕೂರಿಸುತ್ತಾರೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೆ ಕಾರು ಬಿಟ್ಟವರು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುವುದು ವಾಡಿಕೆ. ಕಾರ್ಖಾನೆಯಲ್ಲಿ ಪಾಸಾದ ಸಾಮಾನಿಗೆ ಇಡುವ ಹಳದಿ ಬಣ್ಣದ ಚುಕ್ಕೆಯನ್ನು ನಾನು ಕಾರಿನ ಪ್ರತಿಯೊಂದು ನಟ್ಟಿಗೂ ಇಟ್ಟು, ಆಮೇಲೆ ಸ್ಟೂಲ್ ಮೇಲೆ ಕೂತೆ. ಭಾಯ್ ಬಾನೆಟ್ ಎತ್ತಿ ಚುಕ್ಕೆಗಳನ್ನು ನೋಡಿದರು, ನನ್ನನ್ನು ನೋಡಿದರು. ‘ಗಾಡಿಗೆ ಸಿಡುಬು ಬಂದಿದೆ ಸಾರ್’ ಎಂದು ನಕ್ಕು ಕೆಲಸಕ್ಕೆ ಇಳಿದರು.

ಜಗಳ ಶುರುವಾದದ್ದು ಪೆಟ್ರೋಲಿನಿಂದ. ಕಾರ್ಬುರೇಟರ್ ತೊಳೆಯುವುದಕ್ಕೆ ಗಿರಾಕಿಯ ಕಾರಿನಿಂದಲೇ ಒಂದಿಷ್ಟು ಪೆಟ್ರೋಲ್ ಎಳೆದುಕೊಳ್ಳುವುದು ಎಲ್ಲ ಮೆಕ್ಯಾನಿಕ್‌ಗಳ ಪದ್ಧತಿ. ನನಗದು ಗೊತ್ತಿರಲಿಲ್ಲ. ಟೀ ಕುಡಿಯಲು ಹೋಗಿ ಬಂದು ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಬಿಟ್ಟು ನೋಡುತ್ತೇನೆ, ಒದ್ದೆಯ ಗೆರೆ ಬೆಳಿಗ್ಗೆ ಅಳೆದದ್ದಕ್ಕಿಂತ ಒಂದು ಬೆರಳು ಕೆಳಗಿದೆ! ಶೆಡ್ಡಿನಲ್ಲಿದ್ದ ಗಿರಾಕಿಗಳೆದುರಿಗೇ ಕಡ್ಡಿ ಎತ್ತಿ ಹಿಡಿದು ಕೂಗಾಡಿದೆ.

‘ತೊಳಿಯಕ್ಕೆ ತಗೊಂಡಿದ್ದು ಸಾರ್. ನೋಡಿ, ಆ ತಟ್ಟೇಲಿದೆ’ ಎಂದರು ಭಾಯ್.

‘ತಟ್ಟೇಲಿರೋದು ಕಾಣತ್ತೆ ಕಣ್ರೀ. ಕಾಣ್ದೆ ಇರೋದೆಷ್ಟು ಅಂತ ಕೇಳ್ತಿದೀನಿ’ ಎಂದೆ.

ಭಾಯ್ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ, ತಮ್ಮ ಸ್ಕೂಟರಿಗೆಂದು ಇಟ್ಟುಕೊಂಡಿದ್ದ ಅರ್ಧ ಲೀಟರ್ ಬಾಟಲಿ ತಂದು, ನನ್ನ ಟ್ಯಾಂಕಿಗೆ ಸುರಿದರು. ಖಾಲಿ ಬಾಟಲಿಯನ್ನು ನನ್ನ ಮುಖದೆದುರು ತಲೆಕೆಳಗು ಮಾಡಿ ತೋರಿಸಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ನನ್ನ ಕಾರು ಬಂದರೆ ಮೊದಲು ತಮ್ಮ ಅರ್ಧ ಲೀಟರ್ ಹಾಕಿ, ಬಾಟಲಿ ತೋರಿಸಿ, ಆಮೇಲೆ ಸ್ಟೀರಿಂಗ್ ಮುಟ್ಟುತ್ತಿದ್ದರು. ನನಗೆ ನಾಚಿಕೆ ಆಯಿತೇ? ಇಲ್ಲ. ಇಷ್ಟು ಧಾರಾಳವಾಗಿ ಕೊಡುತ್ತಾನೆಂದರೆ ಎಷ್ಟು ಕದ್ದಿರಬೇಡ ಎಂದು ಲೆಕ್ಕ ಹಾಕಿದೆ.

ಜಗಳವಾದ ಸಂಜೆಯೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಅರಗಿನ ಮುದ್ರೆ ಹಾಕಿದೆ. ಕೆಂಪು ಅರಗಿನ ಕಡ್ಡಿ ಕಾರ್ಖಾನೆಯದು, ನಮ್ಮ ವಿಭಾಗದಲ್ಲಿ ಪೆಟ್ಟಿಗೆ ಸೀಲ್ ಮಾಡಲು ಬಳಸುತ್ತಿದ್ದದ್ದು. ಕಳ್ಳನನ್ನು ಹಿಡಿಯಲು ಕದ್ದ ಅರಗು! ಆಗ ಅದು ಹೊಳೆಯಲೇ ಇಲ್ಲ. ಪೆಟ್ರೋಲ್ ಪಕ್ಕ ಬೆಂಕಿ ಹಚ್ಚುವಷ್ಟು ಪೆದ್ದನಲ್ಲ, ಅಡುಗೆಮನೆಯಲ್ಲಿ ಸೌಟಿನಲ್ಲಿ ಕರಗಿಸಿ ತಂದೆ. ಸೌಟು ಹಾಳಾಯಿತೆಂದು ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮುಚ್ಚಳದ ಅಂಚಿಗೆ ಮಾತ್ರ ಹಾಕಿದರೆ ಉದುರುತ್ತಿತ್ತು, ಹಾಗಾಗಿ ಇಡೀ ಮುಚ್ಚಳದ ಮೇಲೆ ಗೋಪುರದಂತೆ ಸುರಿದು ಉಂಗುರ ಒತ್ತಿದೆ.

ಮುಂದಿನ ಸಲ ಅದನ್ನು ಕಂಡ ಭಾಯ್ ಸೊಂಟದ ಮೇಲೆ ಕೈಯಿಟ್ಟು ನಿಂತರು. ‘ಇದು ಬೇಡ ಸಾರ್. ಮುಚ್ಚಳದ ಮಧ್ಯ ಸಣ್ಣ ತೂತಿದೆ. ಪೆಟ್ರೋಲ್ ಕೆಳಗಿಳಿದಂಗೆ ಮೇಲಿಂದ ಗಾಳಿ ಒಳಗೆ ಹೋಗ್ಬೇಕು. ಅದು ಮುಚ್ಚೋದ್ರೆ ಗಾಡಿ ನಿಂತೋಗತ್ತೆ.’

ಎಷ್ಟು ಬಿಡಿಸಿ ಹೇಳಿದ್ದರು ಪುಣ್ಯಾತ್ಮ! ನನಗೆ ಕೇಳಿಸಿದ್ದೇ ಬೇರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುದ್ರೆ ಬೇಡ ಎನ್ನುವವನು ಕಳ್ಳನಲ್ಲದೆ ಇನ್ನಾರು? ‘ಗಾಡಿಗೆ ಗಾಳಿ ಬೇಕಂತೆ ಗಾಳಿ! ನಾಳೆ ಹಾಸಿಗೆ ದಿಂಬೂ ಬೇಕು ಅಂತಾನೆ’ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ.

ದಿನ ಹತ್ತಿರ ಬರುತ್ತಿತ್ತು. ಭಾನುವಾರಗಳಂದು ಆಸ್ಪತ್ರೆಯ ತನಕ ಪೂರ್ವಾಭ್ಯಾಸ ಶುರು ಮಾಡಿದೆ. ಕೈಗಡಿಯಾರ ನೋಡಿಕೊಂಡು ಹೊರಡುವುದು, ಎಷ್ಟು ನಿಮಿಷ ಬೇಕೆಂದು ಬರೆದುಕೊಳ್ಳುವುದು. ಮೊದಲ ಭಾನುವಾರ ಹೆಬ್ಬಾಳ ಕೆರೆ ಏರಿಯ ಹತ್ತಿರ ಕಾರು ಕೆಮ್ಮಿ ನಿಂತಿತು. ಸುಮಾರು ಹೊತ್ತು ಬಿಟ್ಟು ತಾನೇ ಸ್ಟಾರ್ಟ್ ಆಯಿತು. ಎರಡನೇ ಭಾನುವಾರವೂ ಅದೇ ಜಾಗ, ಅದೇ ಕೆಮ್ಮು. ಮೂರನೇ ಭಾನುವಾರ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಹೊಸ ಮುದ್ರೆ ಹಾಕದೆ ಹೊರಟೆ. ಕುದುರೆ ಹಾಗೆ ಓಡಿತು. ಶೆಡ್ಡಿಗೆ ಒಯ್ದಾಗ ಭಾಯ್ ಓಡಿಸಿ ನೋಡಿದರೂ ಏನೂ ಆಗುತ್ತಿರಲಿಲ್ಲ. ಆಗುವುದಾದರೂ ಹೇಗೆ? ಅರ್ಧ ಲೀಟರ್ ಸುರಿಯಲು ಅವರು ಅರಗು ಒಡೆದಿರುತ್ತಿದ್ದರಲ್ಲ.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಮುದ್ರೆ ಇದ್ದ ದಿನ ನಿಂತಿದೆ, ಇಲ್ಲದ ದಿನ ಓಡಿದೆ. ಎರಡನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತಿತ್ತು. ನಾನು ಕೆಳಗೆ ಗೆರೆ ಎಳೆದು ಬರೆದ ತೀರ್ಮಾನ ಹೀಗಿತ್ತು: ಕದಿಯಲು ಆಗದಿದ್ದಾಗ ಸಿಟ್ಟಿಗೆ ಇಂಜಿನ್ನಿಗೆ ಏನೋ ಮಾಡಿ ಕಳಿಸುತ್ತಾನೆ.

‘ರೀ, ಆ ಅರಗು ತೆಗೆದು ನೋಡ್ಬಾರ್ದಾ?’ ಎಂದಳು ಹೆಂಡತಿ. ‘ಭಾಯ್ ಹೇಳಿದ್ರಲ್ಲ.’

‘ನಿಂಗೇನ್ ಗೊತ್ತಾಗತ್ತೆ, ಸುಮ್ನಿರು.’

‘ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ’ ಎಂದು ಅಮ್ಮ ಅಡುಗೆಮನೆಯಿಂದಲೇ ಅಂದಳು.

ನಾನು ಸೇಡಿಗೆಂಬಂತೆ ಇನ್ನೊಂದು ಸೌಟು ಅರಗು ಕರಗಿಸಿ ಸುರಿದೆ.

ನೋವು ಬಂದದ್ದು ಒಂದು ಬೆಳಿಗ್ಗೆ, ಒಂಬತ್ತರ ಸುಮಾರಿಗೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ‘ಹೊರಡೋಣ’ ಎಂದಳು. ಎಲ್ಲ ಸಿದ್ಧವಿತ್ತು, ನೀರು, ಆಯಿಲ್, ಗಾಳಿ, ಹಿಂದಿನ ಸೀಟಿಗೆ ಹಾಸಿದ ದುಪ್ಪಟಿ. ಹೊರಡುವ ಮೊದಲು ಹಿಂದೆ ಹೋಗಿ ಮುದ್ರೆ ನೋಡಿದೆ. ಭದ್ರವಾಗಿತ್ತು. ಅಬ್ಬಾ ಎಂದು ನಿಟ್ಟುಸಿರು ಬಿಟ್ಟೆ. ಥೂ, ಆ ನಿಟ್ಟುಸಿರು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೆಬ್ಬಾಳದ ರೈಲ್ವೆ ಗೇಟ್ ದಾಟಿದೆವು. ಹಳಿಯಿಂದ ನಾಲ್ಕು ಮಾರು ಮುಂದೆ ಹೋಗಿ ಕಾರು ಕೆಮ್ಮಿತು, ನಿಂತಿತು. ಹ್ಯಾಂಡಲ್ ಹಾಕಿ ತಿರುವಿದೆ, ಕೈ ಬೊಬ್ಬೆ ಬಂದರೂ ಜಪ್ಪಯ್ಯ ಅನ್ನಲಿಲ್ಲ. ಖಾಲಿ ಆಟೋ ಒಂದೂ ಇಲ್ಲ. ಒಬ್ಬ ಲಾರಿಯವನು ನಿಲ್ಲಿಸಿದ, ಆದರೆ ಅವಳು ಅಷ್ಟೆತ್ತರ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ಸಲ ಬಸ್ಸು ಕೆಟ್ಟು ನಿಂತಿದ್ದೂ ಇಲ್ಲೇ ಹತ್ತಿರದಲ್ಲಿ. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಿದ್ದ ಹೆಂಡತಿ ಹೊರಗೆ ನೋಡಿದಳು. ಅವಳಿಗೂ ಜಾಗ ಗೊತ್ತಾಯಿತು.

‘ಆ ಕಳ್ಳ ನನ್ಮಗ ಏನ್ ಮಾಡಿದ್ದಾನೋ...’ ಎಂದು ಶುರು ಮಾಡಿದೆ.

‘ನಿಮ್ ಅನುಮಾನಕ್ಕೆ ಬೆಂಕಿ ಹಾಕ!’ ಎಂದು ಕಿರುಚಿದಳು. ನನ್ನೆದುರು ಎಂದೂ ದನಿ ಎತ್ತಿದವಳಲ್ಲ. ‘ಹೋಗಿ ಭಾಯ್‌ನ ಕರ್ಕೊಂಡ್ಬನ್ನಿ. ಈ ಮಗೂನೂ ಹೋದ್ರೆ ನಾನು ನಿಮ್ಮನೇಗೆ ವಾಪಸ್ ಬರಲ್ಲ.’

ಗೇಟಿನವನು ತನ್ನ ಸೈಕಲ್ ಕೊಟ್ಟ. ‘ಓಗಿ ಸಾಮಿ, ನಾನ್ ನೋಡ್ಕತೀನಿ ಇವ್ರುನ್ನ’ ಎಂದ. ಆರ್.ಟಿ. ನಗರದ ತನಕ ಹೇಗೆ ತುಳಿದೆನೋ ದೇವರಿಗೇ ಗೊತ್ತು. ಭಾಯ್ ಯಾವುದೋ ಕಾರಿನ ಕೆಳಗೆ ಮಲಗಿದ್ದರು. ನನಗೆ ಏದುಸಿರು, ‘ನೋವು... ಗೇಟ್ ಹತ್ರ... ನಿಂತೋಯ್ತು’ ಎಂದಷ್ಟೇ ಬಂತು. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೈ ಒರೆಸಿಕೊಂಡು ಸ್ಕೂಟರ್ ಒದ್ದರು. ಏನೋ ನೆನಪಾದಂತೆ ಒಳಗೆ ಹೋಗಿ ಒಂದು ಚೀಲ ತಂದು ಸ್ಕೂಟರಿಗೆ ಸಿಕ್ಕಿಸಿದರು. ಹೆಂಡತಿ ಆ ಸ್ಥಿತಿಯಲ್ಲಿದ್ದಾಗಲೂ, ಸೈಕಲ್ ಅಲ್ಲೇ ಬಿಟ್ಟು ಅವರ ಹಿಂದೆ ಕೂತಾಗಲೂ, ನನ್ನ ತಲೆಯಲ್ಲಿ ಬಂದದ್ದು ಏನು ಗೊತ್ತೇ? ಆ ಚೀಲದಲ್ಲಿ ಏನಿದೆ?

ಭಾಯ್ ಬಾನೆಟ್ ಎತ್ತಲಿಲ್ಲ. ನೇರ ಕಾರಿನ ಹಿಂದಕ್ಕೆ ಹೋದರು. ಸ್ಕ್ರೂಡ್ರೈವರ್ ಹಿಡಿಯಿಂದ ಅರಗಿಗೆ ಎರಡು ಏಟು ಹಾಕಿ ಮುಚ್ಚಳ ತಿರುಗಿಸಿದರು. ಸುಯ್ ಎಂದು ಗಾಳಿ ಒಳಗೆಳೆದುಕೊಂಡ ಸದ್ದು ನನಗೂ ಕೇಳಿಸಿತು, ಗೇಟಿನವನಿಗೂ ಕೇಳಿಸಿತು. ಮುಚ್ಚಳದ ತೂತಿಗೆ ತಂತಿ ಹಾಕಿ ಊದಿದರು. ಸ್ಟೀರಿಂಗ್ ಮುಂದೆ ಕೂತು ಕೀಲಿ ತಿರುಗಿಸಿದರು. ಎರಡನೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು.

‘ಹೆದರ್ಬೇಡಮ್ಮ, ತಲುಪಿಸ್ತೀನಿ’ ಎಂದರು ಹಿಂದಕ್ಕೆ ತಿರುಗಿ. ನನ್ನತ್ತ ನೋಡಲಿಲ್ಲ. ನಾನು ನನ್ನದೇ ಕಾರಿನಲ್ಲಿ ಪಕ್ಕದ ಸೀಟಿಗೆ ಹತ್ತಿ ಕೂತೆ.

ದಾರಿಯುದ್ದಕ್ಕೂ ಭಾಯ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಆದರೂ ಒಂದು ಗುಂಡಿಯಲ್ಲೂ ಗಾಡಿ ಎತ್ತಿಹಾಕಲಿಲ್ಲ. ಆಸ್ಪತ್ರೆಯ ಒಳಗೆ ಅವಳನ್ನು ಕರೆದೊಯ್ದ ಹತ್ತೇ ನಿಮಿಷಕ್ಕೆ ಮಗಳು ಹುಟ್ಟಿದಳು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ‘ಇನ್ನೊಂದು ಸ್ವಲ್ಪ ತಡ ಆಗಿದ್ರೆ...’ ಎಂದು ಡಾಕ್ಟರಮ್ಮ ಈ ಸಲವೂ ಮಾತು ನಿಲ್ಲಿಸಿದರು. ಒಳಗಿನಿಂದ ಅಳು ಕೇಳಿಸುತ್ತಿತ್ತು. ಅಮ್ಮ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ನಾನು ಹುಚ್ಚನಂತೆ ಹೊರಗೆ ಓಡಿದೆ, ಭಾಯ್ ಕಾಲು ಹಿಡಿಯಬೇಕು ಅಂತ.

ಅವರು ಕಾರಿನ ಹಿಂದೆ ನಿಂತಿದ್ದರು. ಚೀಲದಿಂದ ಅದೇ ಅರ್ಧ ಲೀಟರ್ ಬಾಟಲಿ ತೆಗೆದು ಟ್ಯಾಂಕಿಗೆ ಸುರಿಯುತ್ತಿದ್ದರು.

‘ಭಾಯ್... ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ’ ಎಂದೆ.

‘ಅಲ್ಹಮ್ದುಲಿಲ್ಲಾ’ ಎಂದರು. ಮುಖ ಒಂದು ಕ್ಷಣ ಅರಳಿತು. ಆಮೇಲೆ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಕೀಲಿಯನ್ನು ನನ್ನ ಕೈಯಲ್ಲಿಟ್ಟರು. ‘ಹೆಬ್ಬಾಳದಿಂದ ಇಲ್ಲಿವರ್ಗೂ ನಾನೇ ಓಡ್ಸಿದ್ದು ಸಾರ್. ನೋಡ್ಕೊಳ್ಳಿ.’

ಬಾಟಲಿಯನ್ನು ನನ್ನ ಮುಖದೆದುರು ತಲೆಕೆಳಗು ಮಾಡಿ ಹಿಡಿದರು. ಬೇಡ ಎಂದು ಅವರ ಕೈ ಹಿಡಿಯಬೇಕಿತ್ತು. ಅದಕ್ಕೆ ಮೊದಲೇ ನನ್ನ ಹಾಳು ಕಣ್ಣು ಬಾಟಲಿಯ ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಿಬಿಟ್ಟಿತ್ತು. ನಾನು ಹಾಗೆ ನೋಡಿದ್ದು ಅವರ ಕಣ್ಣಿಗೂ ಬಿತ್ತು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಹೆಬ್ಬಾಳದಲ್ಲಿ ಬಿಟ್ಟು ಬಂದಿದ್ದ ಸ್ಕೂಟರ್ ತರಲು ಬಸ್‌ಸ್ಟಾಪಿನ ಕಡೆ ನಡೆದರು.