ಡಬರಿಗೆ ಕಟ್ಟಿದ ರಿಬ್ಬನ್

ಮೊನ್ನೆ ಮಾನ್ವಿ ತಾಲ್ಲೂಕಿನ ಒಂದು ಶಾಲೆಯ ಅಂಗಳದಲ್ಲಿ ನನ್ನ ಮುಂದೆ ಸ್ಟೀಲ್ ತಟ್ಟೆ ಹಿಡಿದರು. ತಟ್ಟೆಯಲ್ಲಿ ಕುಂಕುಮ, ನಾಲ್ಕು ಚೆಂಡುಹೂವು, ಒಂದು ಹೊಸ ಕತ್ತರಿ. ಎದುರಿಗೆ ಅಡುಗೆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್. ಉದ್ಘಾಟನೆಗೆ ನಾನೇ ಮುಖ್ಯ ಅತಿಥಿ. ಒಳಗಿನಿಂದ ತುಂಬಾ ಹೊತ್ತು ಮುಚ್ಚಿಟ್ಟ ಅನ್ನದ ವಾಸನೆ ಬರುತ್ತಿತ್ತು. ಕತ್ತರಿಗೆ ಕೈ ಹಾಕುವ ಮೊದಲೇ ಅಡುಗೆಯ ಯವ್ವ ನೆನಪಾದಳು...

ಹತ್ತು ವರ್ಷದ ಕೆಳಗೆ ನಾನು ರಾಯಚೂರಿನಲ್ಲಿ ಒಂದು ನೆರವು ಸಂಸ್ಥೆಯ ಸಂಯೋಜಕನಾಗಿದ್ದೆ. ಸಂಯೋಜಕ ಎಂದರೆ ಏನು ಎಂಬುದು ನನ್ನ ಹೆಂಡತಿಗೆ ಇವತ್ತಿಗೂ ಅರ್ಥವಾಗಿಲ್ಲ, ನನಗೂ ಅಷ್ಟಕ್ಕಷ್ಟೇ. ದಾನ ಕೊಡುವವರಿಗೂ ಮಕ್ಕಳ ಹೊಟ್ಟೆಗೂ ನಡುವೆ ಕುರ್ಚಿ ಹಾಕಿಕೊಂಡು ಕೂರುವ ಕೆಲಸ ಅದು. ಮಕ್ಕಳ ಹಸಿವಿನ ಬಗ್ಗೆ ಹೋಟೆಲಿನ ಎ.ಸಿ. ಹಾಲಿನಲ್ಲಿ ದಿನವಿಡೀ ಮಾತಾಡುತ್ತಿದ್ದೆವು. ಹನ್ನೊಂದಕ್ಕೆ ಬಿಸ್ಕತ್ತು, ಒಂದಕ್ಕೆ ಊಟ, ನಾಲ್ಕಕ್ಕೆ ಮಿರ್ಚಿ ಭಜಿ. ಅಷ್ಟು ಸಭೆಗಳಲ್ಲಿ ಒಂದು ದಿನವೂ ನಮ್ಮ ಊಟ ತಡವಾದದ್ದು ನನಗೆ ನೆನಪಿಲ್ಲ.

ಸರ್ಕಾರದ ಬಿಸಿಯೂಟಕ್ಕೆ ನಮ್ಮ ಸಂಸ್ಥೆ ಕೈಜೋಡಿಸಿತ್ತು. ಅಕ್ಕಿ ಬೇಳೆ ಸರ್ಕಾರದ್ದು, ತರಕಾರಿ ಮತ್ತು ಪಾತ್ರೆ ನಮ್ಮದು. ಅಡುಗೆಯವರು ಸರಿ ಇಲ್ಲ ಎಂದು ನಾವು ಬರೆದುಕೊಟ್ಟರೆ ಶಾಲೆಯವರು ಅವರನ್ನು ಬದಲಿಸಬೇಕು ಎಂದು ಒಪ್ಪಂದದಲ್ಲಿತ್ತು. ಆ ಸಾಲನ್ನು ಸೇರಿಸಿದವನು ನಾನೇ. ಆಗ ಅದು ಬಹಳ ಜಾಣತನದ ಸಾಲು ಅನ್ನಿಸಿತ್ತು.

ಯವ್ವ ಅಡುಗೆ ಮಾಡುತ್ತಿದ್ದದ್ದು ದೇವದುರ್ಗ ತಾಲ್ಲೂಕಿನಲ್ಲಿ, ಮಸರಕಲ್ ದಾಟಿ ಒಳಗೆ ಹೋದರೆ ಸಿಗುವ ಊರಿನಲ್ಲಿ. ಊರಿನ ಹೆಸರು ಬೇಡ. ಐವತ್ತು ದಾಟಿದ ಗಟ್ಟಿ ಹೆಂಗಸು. ಮಕ್ಕಳಿಂದ ಹಿಡಿದು ಹೆಡ್ ಮಾಸ್ತರರವರೆಗೆ ಎಲ್ಲರೂ ಯವ್ವಾ ಎಂದೇ ಕರೆಯುತ್ತಿದ್ದರು. ಊರಿನ ಹೆಂಗಸರು ಮೆಣಸಿನಕಾಯಿ ಬಿಡಿಸಲು ಕತ್ತಲಿರುವಾಗಲೇ ಟಂಟಂ ಆಟೋ ಹತ್ತಿ ಹೋಗುತ್ತಿದ್ದರು. ಮಕ್ಕಳು ಚಹಾ ಕುಡಿದು, ಅದೂ ಇದ್ದರೆ, ಶಾಲೆಗೆ ಬರುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಆಕೆ ಬಾಗಿಲಲ್ಲಿ ನಿಂತು ಮಕ್ಕಳ ಮುಖ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಅಕ್ಕಿ ಅಳೆಯುತ್ತಿದ್ದಳು. ಅಳೆಯಲೆಂದು ನಾವು ಕೊಟ್ಟ ಗೆರೆ ಹಾಕಿದ ಡಬ್ಬಿಯಲ್ಲಿ ಉಪ್ಪು ತುಂಬಿಟ್ಟಿದ್ದಳು.

ಪಾತ್ರೆ ತೊಳೆಯುವುದರಲ್ಲಿ ಮಾತ್ರ ಆಕೆ ಯಾರ ಮಾತೂ ಕೇಳುತ್ತಿರಲಿಲ್ಲ. ಅನ್ನ ಬೇಯಿಸುವ ದೊಡ್ಡ ಡಬರಿಯನ್ನು ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಬೇಕು. ಬೇರೆಯವರು ತೊಳೆದರೆ ಮತ್ತೊಮ್ಮೆ ತೊಳೆಯುತ್ತಿದ್ದಳು. ನನ್ನ ಮನೆಯ ಪಾತ್ರೆಗಳೂ ಅಷ್ಟು ಸ್ವಚ್ಛ ಇರಲಿಲ್ಲ.

ಒಂದು ಚಳಿಗಾಲದಲ್ಲಿ ದಾನಿಗಳು ನೋಡಲು ಬರುತ್ತೇವೆ ಎಂದರು. ಅವರಿಗೆ ಉದ್ಘಾಟನೆ ಬೇಕು, ಆದರೆ ಅಲ್ಲಿ ಉದ್ಘಾಟಿಸುವಂಥದ್ದು ಏನೂ ಇರಲಿಲ್ಲ. ಕೋಣೆ ಹಳೆಯದು, ಬಾಗಿಲು ಹಳೆಯದು. ಹೊಸದೆಂದರೆ ಅವರು ಕೊಟ್ಟ ಡಬರಿ ಒಂದೇ. ಆಗ ನನ್ನ ತಲೆಗೆ ಹೊಳೆಯಿತು, ಡಬರಿಗೇ ರಿಬ್ಬನ್ ಕಟ್ಟೋಣ. ಅನ್ನ ತುಂಬಿದ ಡಬರಿಯ ಮುಚ್ಚಳದ ಮೇಲಿಂದ ಅಡ್ಡ ಉದ್ದ ರಿಬ್ಬನ್ ಸುತ್ತಿ, ಮೇಲೆ ಹೂವಿನ ಹಾಗೆ ಗಂಟು ಹಾಕಿದೆ. ಮದುವೆ ಉಡುಗೊರೆಯ ಹಾಗೆ ಕಾಣುತ್ತಿತ್ತು. ನಮ್ಮ ರಾಯಚೂರು ಆಫೀಸಿನವರು ಫೋಟೋ ನೋಡಿ ಭೇಷ್ ಎಂದರು. ಯವ್ವ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ಡಬರಿಯನ್ನೂ ನನ್ನನ್ನೂ ಒಂದೇ ರೀತಿ ನೋಡಿದಳು.

ಹನ್ನೆರಡೂವರೆಗೆ ಬರಬೇಕಾದ ಅತಿಥಿಗಳು ಒಂದು ಗಂಟೆಯಾದರೂ ಬರಲಿಲ್ಲ. ಮಕ್ಕಳನ್ನು ತಟ್ಟೆ ಸಮೇತ ಸಾಲಾಗಿ ಕೂರಿಸಿದ್ದೆವು. ಹೆಡ್ ಮಾಸ್ತರರು ಸ್ವಾಗತ ಗೀತೆಯನ್ನು ನಾಲ್ಕನೇ ಸಲ ಹಾಡಿಸಿದರು. ನಾನು ಫೋನ್ ಮಾಡಿದರೆ ಅವರು ಇನ್ನೂ ರಾಯಚೂರಿನಲ್ಲೇ ಇದ್ದರು, ಊಟ ಮಾಡುತ್ತಿದ್ದರು. ಅವರ ಮಾತಿನ ಹಿಂದೆ ತಟ್ಟೆ ಚಮಚಗಳ ಸದ್ದು ಕೇಳುತ್ತಿತ್ತು. ಊಟ ಮುಗಿಸಿ ಹೊರಟುಬಿಡುತ್ತೇವೆ, ಮಕ್ಕಳಿಗೆ ನಾವೇ ಬಡಿಸಬೇಕು, ಅಲ್ಲಿಯವರೆಗೆ ಅವರನ್ನು ಕಾಯಿಸಿ ಎಂದರು. ನಾನು ಆಗಲಿ ಸರ್ ಎಂದೆ. ಆ ಕೆಲಸದಲ್ಲಿ ನಾನು ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು.

ಒಂದನೇ ತರಗತಿಯ ಒಂದು ಹುಡುಗಿ ಖಾಲಿ ತಟ್ಟೆಯ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಿತ್ತು. ಯವ್ವ ಅದನ್ನು ನೋಡಿದಳು. ಸೀದಾ ನನ್ನ ಹತ್ತಿರ ಬಂದಳು.

"ಯಪ್ಪಾ, ಬರೋರು ಉಂಡು ಬರ್ತಾರ. ಇವು ಉಂಡಿಲ್ಲ."

ಇನ್ನರ್ಧ ಗಂಟೆ ತಡಿ ಯವ್ವಾ ಎಂದೆ. ಆಕೆ ತಡೆಯಲಿಲ್ಲ. ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚುವ ಚಾಕು ತಂದು ಗಂಟಿನ ಕೆಳಗೆ ತೂರಿಸಿ ಒಂದೇ ಎಳೆತಕ್ಕೆ ರಿಬ್ಬನ್ ಕತ್ತರಿಸಿದಳು. ಮುಚ್ಚಳ ತೆಗೆದಾಗ ಆವಿ ಎದ್ದು ಅವಳ ಮುಖವೇ ಕಾಣಲಿಲ್ಲ. ಕತ್ತರಿಸಿದ ರಿಬ್ಬನ್ನನ್ನು ನನ್ನ ಕೈಗೆ ಕೊಟ್ಟು, "ನಿಮಗ ಬೇಕಾದ್ರ ಮತ್ತ ಕಟ್ಗೋರಿ" ಎಂದಳು. ಮಕ್ಕಳು ಉಂಡರು. ಮಲಗಿದ್ದ ಹುಡುಗಿಯನ್ನು ಎಬ್ಬಿಸಿ, ಕೇಳದೆಯೇ ಎರಡು ಸಲ ಬಡಿಸಿದಳು.

ನಾನು ಏನು ಮಾಡಿದೆ? ಮತ್ತೆ ಕಟ್ಟಿದೆ. ಅಷ್ಟರಲ್ಲಿ ಆಕೆ ತಿಕ್ಕಿ ತೊಳೆದಿದ್ದ ಖಾಲಿ ಡಬರಿಗೆ ಮುಚ್ಚಳ ಹಾಕಿ, ತುಂಡಾದ ರಿಬ್ಬನ್ನಿಗೆ ಹಿಂದೆ ಗಂಟು ಹಾಕಿ ಕಟ್ಟಿದೆ. ಮೂರು ಗಂಟೆಗೆ ಅತಿಥಿಗಳು ಬಂದರು. ಉಂಡ ಮಕ್ಕಳನ್ನು ಮತ್ತೆ ತಟ್ಟೆ ಹಿಡಿಸಿ ಕೂರಿಸಿದ್ದೆ. ಮುಖ್ಯ ದಾನಿ ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ಆಯಿತು. ಅವರು ಮುಚ್ಚಳಕ್ಕೆ ಕೈ ಹಾಕಿದಾಗ ನಾನು ಗಾಬರಿಯಾಗಿ, ಬಿಸಿ ಇದೆ ಸರ್, ಕೈ ಸುಡುತ್ತದೆ ಎಂದೆ. ಅವರು ಕರವಸ್ತ್ರ ಸುತ್ತಿಕೊಂಡು ಎತ್ತಿಯೇಬಿಟ್ಟರು. ಒಳಗೆ ಡಬರಿ ಥಳಥಳ ಹೊಳೆಯುತ್ತಿತ್ತು. ಅವರ ಮುಖ ಅದರ ತಳದಲ್ಲಿ ಕಾಣುವಷ್ಟು ಸ್ವಚ್ಛ.

ಅವರು ಮುಚ್ಚಳವನ್ನು ಮತ್ತೆ ಮುಚ್ಚಿದರು. ಕಾರಿನಲ್ಲಿ ಕೂತ ಮೇಲೆ ನಡೆದದ್ದನ್ನು ನನ್ನಿಂದ ಕೇಳಿ ತಿಳಿದುಕೊಂಡು, ಆ ಹೆಂಗಸಿಗೆ ಶಿಸ್ತಿಲ್ಲ, ಇನ್ನು ಮುಂದೆ ಆಕೆ ಇರಬಾರದು ಎಂದರು. ಪತ್ರ ಬರೆಯುವ ಕೆಲಸ ನನ್ನದಾಯಿತು. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದ್ದಾಳೆ, ಆದ್ದರಿಂದ ತೆಗೆಯಿರಿ ಎಂದು ಬರೆಯಲು ಬರುವುದಿಲ್ಲವಲ್ಲ. ಪಾತ್ರೆಗಳ ಸ್ವಚ್ಛತೆ ಕಾಪಾಡಿಲ್ಲ ಎಂದು ಬರೆದೆ. ಬರೆಯುವಾಗ ನನ್ನ ಕೈ ನಡುಗಲಿಲ್ಲ. ನಡುಗಿತ್ತು ಎಂದು ಹೇಳಿಕೊಂಡರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳು. ಹೆಡ್ ಮಾಸ್ತರರು ಆ ಪತ್ರವನ್ನು ಆಕೆಯ ಮುಂದೆ ಓದಿ ಹೇಳಿದರಂತೆ.

ಮರುವರ್ಷ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮೆಣಸಿನಕಾಯಿ ಬಿಡಿಸಿ ಬಂದ ಹೆಂಗಸರ ಗುಂಪಿನಲ್ಲಿ ಕೂತಿದ್ದಳು, ಬೆರಳೆಲ್ಲ ಉರಿಯುತ್ತಿದ್ದವೇನೋ, ಸೆರಗಿನ ತುದಿ ನೆನೆಸಿ ಸುತ್ತಿಕೊಂಡಿದ್ದಳು. ನಾನು ನೋಡದವನ ಹಾಗೆ ಹೋಗುತ್ತಿದ್ದೆ, ಆಕೆಯೇ ಕರೆದಳು. ಜಗಳ ಮಾಡುತ್ತಾಳೆ ಅಂದುಕೊಂಡೆ.

"ಕೆಲಸ ಬಿಡಿಸಿದ್ದಕ್ಕ ನಂದೇನಿಲ್ಲ ಯಪ್ಪಾ. ಹೊಲಸು ಅಂತ ಯಾಕ ಬರದ್ರಿ? ಡಬರಿ ನೀವ ನೋಡಿದ್ರೆಲ್ಲ."

ಬಸ್ಸು ಬಂತು ಯವ್ವಾ ಎಂದೆ. ಯಾವ ಬಸ್ಸೂ ಬಂದಿರಲಿಲ್ಲ... ಹೋದ ವರ್ಷ ಆಕೆ ತೀರಿಕೊಂಡ ಸುದ್ದಿ ಬಂತು. ಆ ಪತ್ರವನ್ನು ಸುಳ್ಳೆಂದು ಹೇಳಲು ನನಗೆ ಒಂಬತ್ತು ವರ್ಷ ಇತ್ತು. ಆ ಒಂಬತ್ತು ವರ್ಷದಲ್ಲಿ ನಾನು ಎರಡು ಬಡ್ತಿ ಪಡೆದೆ.

ಮೊನ್ನೆ ಮಾನ್ವಿ ತಾಲ್ಲೂಕಿನ ಆ ಶಾಲೆಗೆ ಹನ್ನೆರಡೂವರೆಗೆ ಹೋಗಬೇಕಾಗಿತ್ತು. ರಾಯಚೂರಿನಲ್ಲಿ ಸಭೆ ಮುಗಿದು, ಅಲ್ಲೇ ಊಟ ಮಾಡಿ ಹೊರಟವನು ತಲುಪುವಾಗ ಎರಡೂವರೆ ಆಗಿತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಅಡುಗೆಯ ಇಬ್ಬರು ಹೆಂಗಸರು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು. ಒಳಗೆ ಚಾಕು ಇರಲಿಲ್ಲವೇ? ಇತ್ತು, ಕಿಟಕಿಯ ಕಟ್ಟೆಯ ಮೇಲೆ ಕಾಣುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಯವ್ವನಿಗೆ ಆದದ್ದು ಇಲ್ಲಿಯವರೆಗೂ ತಲುಪಿರಬೇಕು.

ರಿಬ್ಬನ್ ಕತ್ತರಿಸಿದೆ, ಫೋಟೋಕ್ಕೆ ನಿಂತೆ. ಮೊದಲ ಸೌಟು ಅನ್ನ ನಾನೇ ಬಡಿಸಬೇಕೆಂದರು. ಮುದ್ದೆಗಟ್ಟಿದ್ದ ಅನ್ನ ಸೌಟಿನಿಂದ ಬೀಳದೆ, ಎರಡು ಸಲ ತಟ್ಟೆಗೆ ಕುಟ್ಟಿ ಹಾಕಬೇಕಾಯಿತು. ಸಾಲಿನ ಮೊದಲಿಗೆ ಕೂತಿದ್ದ ಹುಡುಗಿ ಒಂದು ತುತ್ತು ಬಾಯಿಗಿಟ್ಟು ತಲೆ ಎತ್ತಿ, ಆರಿ ಹೋಗ್ಯಾದ್ರಿ ಸರ ಎಂದಳು.