ಅಕ್ಕ ಎತ್ತಿದ ಎಡಗೈ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಡಗೈಗೆ ಮರ್ಯಾದೆ ಇರಲಿಲ್ಲ. ಎಡಗೈಯಲ್ಲಿ ತಿನ್ನಬಾರದು, ಯಾರಿಗೂ ಏನೂ ಕೊಡಬಾರದು. ಮರೆತು ಚಾಚಿದರೆ ಅಪ್ಪ ಕಣ್ಣು ದೊಡ್ಡದು ಮಾಡುತ್ತಿದ್ದರು, ಅಷ್ಟೇ ಸಾಕಿತ್ತು. ಅಂಥ ಮನೆಯಲ್ಲಿ ಬೆಳೆದ ನನಗೆ ಇವತ್ತಿಗೂ ಪ್ರೀತಿಯ ಕೈ ಎಂದರೆ ಎಡಗೈಯೇ. ಯಾಕೆಂದು ಹೇಳುತ್ತೇನೆ, ಕೇಳಿ ಮಕ್ಕಳೇ.

ಆಗ ಚಾಮರಾಜಪೇಟೆಯ ಬಯಲಿನಲ್ಲಿ ಟೆಂಟ್ ಹಾಕಿ ಸಿನಿಮಾ ತೋರಿಸುತ್ತಿದ್ದರು. ಅಮೆರಿಕದಿಂದ ಬಂದ ಕಪ್ಪು-ಬಿಳುಪು ಚಿತ್ರಗಳು, ಮಾತೇ ಇಲ್ಲ. ಹಾರ್ಮೋನಿಯಂ ನುಡಿಸುವವರೊಬ್ಬರು, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆಯನ್ನು ಕೂಗಿ ಹೇಳುವವರೊಬ್ಬರು. ಟೆಂಟಿನ ನಡುವೆ ಬಿಳಿ ಬಟ್ಟೆಯ ಪರದೆ. ಆಟಕ್ಕೆ ಮುಂಚೆ ಅದಕ್ಕೆ ಬಕೆಟ್ಟಿನಿಂದ ನೀರು ಎರಚುತ್ತಿದ್ದರು. ಬಟ್ಟೆ ಒದ್ದೆಯಾದರೆ ಚಿತ್ರ ಆಚೆ ಬದಿಗೂ ಕಾಣುತ್ತಿತ್ತು. ಗಂಡಸರು ಮುಂದೆ ಬೆಂಚಿನ ಮೇಲೆ, ಹೆಂಗಸರು ಮಕ್ಕಳು ಪರದೆಯ ಹಿಂದೆ ಚಾಪೆಯ ಮೇಲೆ.

ಅಕ್ಕನ ಮದುವೆಗೆ ಇನ್ನು ಎಂಟೇ ದಿನ ಉಳಿದಿತ್ತು. ಆಮೇಲೆ ಅವಳು ರೈಲು ಹತ್ತಿ ಬಳ್ಳಾರಿಗೆ ಹೋಗಬೇಕು. ನನ್ನ ತಲೆ ಬಾಚುವವಳು, ನನ್ನ ಪಾಲಿನ ಹಾಗಲಕಾಯಿ ಪಲ್ಯವನ್ನು ಅಪ್ಪನಿಗೆ ಕಾಣದಂತೆ ತಾನೇ ತಿಂದು ಮುಗಿಸುವವಳು ಅವಳೊಬ್ಬಳೇ. ಅವಳು ಹೋಗುವುದು ಬೇಡವೆಂದು ಯಾರ ಹತ್ತಿರ ಹೇಳಲಿ? ಆ ಶನಿವಾರ ಅಪ್ಪನಿಗೆ ಏನನ್ನಿಸಿತೋ, "ನಡೀರಿ, ಸಿನಿಮಾಗೆ ಹೋಗೋಣ" ಎಂದರು.

ಅಪ್ಪ ಮುಂದೆ ಕುಳಿತರು, ಅಕ್ಕ ನಾನು ಹಿಂದೆ. ಒದ್ದೆ ಬಟ್ಟೆಯ ವಾಸನೆ, ಹುರಿದ ಕಡಲೆಕಾಯಿಯ ವಾಸನೆ, ಅಕ್ಕನ ಮುಡಿಯಲ್ಲಿದ್ದ ಮರುಗದ ಘಮ. ಚಿತ್ರದಲ್ಲಿ ಒಬ್ಬ ಬಡ ಹುಡುಗಿ ಪುಟ್ಟ ತಮ್ಮನನ್ನು ಬಿಟ್ಟು ದೂರದ ಊರಿಗೆ ಕೆಲಸಕ್ಕೆ ಹೊರಟಳು. ರೈಲು ಕದಲಿತು. ಅವಳು ಬಾಗಿಲಲ್ಲಿ ನಿಂತು ಎಡಗೈ ಎತ್ತಿದಳು. ಮದುವೆಯ ಮಾತಿಗೆ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: "ಸ್ಟೇಷನ್‌ಗೆ ಎಲ್ಲಾರೂ ಬರ್ತಾರೆ. ನೀನು ಕೈ ಬೀಸೋದು ನನಗೇ ಅಂತ ಹೇಗೆ ಗೊತ್ತಾಗುತ್ತೆ?"

"ಎಲ್ಲಾರಿಗೂ ಬಲಗೈ ಕಣೋ. ನಿನಗೆ ಮಾತ್ರ ಆ ಹುಡುಗಿ ಥರ ಎಡಗೈ. ನೋಡ್ತಿರು" ಎಂದಳು ಅಕ್ಕ.

ಮಾತಿಗೆ ತಪ್ಪಲಿಲ್ಲ. ರೈಲು ಹೊರಟಾಗ ಅಷ್ಟು ಜನರ ಎದುರಿಗೇ ಎಡಗೈ ಎತ್ತಿದಳು. "ಶುಭದ ಹೊತ್ತಲ್ಲಿ ಎಡಗೈ ಯಾಕಮ್ಮಾ!" ಎಂದು ಅಪ್ಪ ಕೂಗಿದರು. ಅವಳು ಇಳಿಸಲಿಲ್ಲ. ನಾನೂ ಎಡಗೈ ಎತ್ತಲು ಹೋದೆ, ಅಪ್ಪ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಮೊದಲ ದೀಪಾವಳಿಗೆ ಬರುತ್ತಾಳೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಅಲ್ಲೇ ಜ್ವರ ಬಂದು ತೀರಿಕೊಂಡಳು.

ನಿಮ್ಮ ಕಾಲ ಬೇರೆ. ನಿಮ್ಮ ಸಿನಿಮಾ ನಡುಮನೆಯ ಟಿವಿಯೊಳಗೇ ಇರುತ್ತದೆ. ರಿಮೋಟ್ ಒತ್ತಿದರೆ ನಿಲ್ಲುತ್ತದೆ, ಹಿಂದಕ್ಕೂ ಬರುತ್ತದೆ. ನಮ್ಮ ಕಾಲದಲ್ಲಿ ಹೋದ ರೈಲು ಹೋಯಿತು. ಕಳೆದ ಭಾನುವಾರ ನನ್ನ ಮೊಮ್ಮಗಳು, ನನ್ನ ಕಾಟ ತಾಳಲಾರದೆ, ಗಾಂಧಿ ಬಜಾರಿನಿಂದ ಮೆಜೆಸ್ಟಿಕ್‌ವರೆಗೆ ಅಂಗಡಿಗಳನ್ನು ಅಲೆದು ಆ ಚಿತ್ರದ ಸಿ.ಡಿ. ತಂದು ಹಾಕಿದಳು. ರೈಲು ಕದಲಿತು. ಹುಡುಗಿ ಕೈ ಎತ್ತಿದಳು. ನೋಡಿದರೆ ಬಲಗೈ!

"ಇವಳಲ್ಲ ಬಿಡು" ಎಂದೆ.

"ತಾತ, ನೀವು ಪರದೆ ಹಿಂದಿನಿಂದ ನೋಡಿದ್ರಲ್ಲಾ, ಅದಕ್ಕೇ ಎಲ್ಲಾ ತಿರುಗಾ ಮುರುಗಾ ಕಂಡಿದೆ" ಎಂದಳು.

ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ, ನಗಬೇಡಿ. ಹೇಳಿಕೊಂಡು ನಗೋಣವೆಂದರೆ ಅಕ್ಕ ಇಲ್ಲವಲ್ಲ ಎಂದು ನನ್ನ ಕಣ್ಣು ತುಂಬಿತು. ಮೊಮ್ಮಗಳು ಒಳಗೆ ಓಡಿ ಗೋಡೆಯ ಕನ್ನಡಿ ತೆಗೆದುಕೊಂಡು ಬಂದು ಟಿವಿಗೆ ಎದುರಾಗಿ ಹಿಡಿದಳು. ರಿಮೋಟ್ ಹಿಡಿದು ಕುಳಿತಿದ್ದ ತನ್ನ ತಮ್ಮನಿಗೆ "ಹಿಂದಕ್ಕೆ ಓಡಿಸೋ" ಎಂದಳು. ನನ್ನ ಕಡೆ ತಿರುಗಿ, "ಈಗ ಕನ್ನಡೀಲಿ ನೋಡಿ ತಾತ" ಎಂದಳು.

ಕನ್ನಡಿಯೊಳಗೆ ರೈಲು ಕದಲಿತು. ಬಾಗಿಲಲ್ಲಿ ಎಡಗೈ ಮೇಲೆದ್ದಿತು. ಈ ಸಲ ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. ನಾನೂ ಎಡಗೈ ಎತ್ತಿದೆ.