ಕೆಲಸ ಸಿಕ್ಕಿತೋ ಇಲ್ಲವೋ

ಕಡ್ಡಿಗೆ ಹಡಗಿನ ಮೇಲೆ ಆಸೆಯೇನೂ ಇರಲಿಲ್ಲ. ಬಂದರಿನ ಊರಿನಲ್ಲೇ ಹುಟ್ಟಿ ಬೆಳೆದಿದ್ದರೂ ಅವಳು ಸಮುದ್ರ ನೋಡುತ್ತಿದ್ದುದು ಬಸ್ಸಿನ ಕಿಟಕಿಯಿಂದ, ಅದೂ ಬಲಗಡೆ ಸೀಟು ಸಿಕ್ಕರೆ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಎಷ್ಟು ಉಂಡರೂ ಮೈಗೆ ಹತ್ತದ ಹುಡುಗಿಯನ್ನು ಬೀದಿಯವರೆಲ್ಲ ಕಡ್ಡಿ ಕಡ್ಡಿ ಎಂದು ಕರೆದೂ ಕರೆದೂ ನಿಜವಾದ ಹೆಸರು ಅವಳ ತಾಯಿಗೇ ಮರೆತಂತಾಗಿತ್ತು.

ಶಾಲೆ ಮುಗಿಸಿದಾಗಿನಿಂದ ಅವಳು ಒಂದು ಟಾಕೀಸಿನ ಟಿಕೆಟ್ ಗೂಡಿನಲ್ಲಿ ಕೂತಿದ್ದಳು. ಕೈ ತೂರಿಸುವಷ್ಟು ಕಿಂಡಿ, ಹಿಂದೆ ಗೋಡೆ, ತಲೆಯ ಮೇಲೆ ಗರಗರ ಎನ್ನುವ ಫ್ಯಾನು. ಒಂದು ದಿನ ಮಾಲೀಕ ಬಂದು, "ನಾಳೆಯಿಂದ ಬರಬೇಡಮ್ಮ, ಇದನ್ನ ಒಡೆದು ಕಾರು ನಿಲ್ಲಿಸೋ ಜಾಗ ಮಾಡ್ತಾ ಇದೀನಿ" ಎಂದ. ಕಡ್ಡಿ ಮನೆಯಲ್ಲಿ ಕೂತಳು.

ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ತಾಯಿಯ ಇಸ್ತ್ರಿ ಮೇಜು, ಸುತ್ತ ಬೀದಿಯವರ ಬಟ್ಟೆ ಗಂಟುಗಳು. ಹಿಂದಿನ ಕೋಣೆಯಲ್ಲಿ ಅಕ್ಕ ಮತ್ತು ಭಾವ. ಭಾವ ಮನೆಗಳಿಗೆ ಬಣ್ಣ ಬಳಿಯುವವನು. ಹತ್ತು ಮನೆಯ ಗೋಡೆ ಬಳಿದು ಹತ್ತು ಮನೆಯ ಸುದ್ದಿ ಹೊತ್ತು ತರುತ್ತಿದ್ದ. ಕಡ್ಡಿಯ ಕೆಲಸ ಹೋದ ಮೇಲೆ ದಿನಾ ಊಟಕ್ಕೆ ಕೂತಾಗ ಒಂದೊಂದು ಕೆಲಸ ಬಡಿಸತೊಡಗಿದ.

"ಔಷಧಿ ಅಂಗಡೀಲಿ ಆಳು ಬೇಕಂತೆ. ಹಲ್ಲಿನ ಡಾಕ್ಟರ ಹತ್ರ ಬಾಗಿಲು ತೆಗೆಯೋಕೆ ಒಬ್ಬರು ಬೇಕಂತೆ. ಹೀಗೆ ಕೂತರೆ ಹೆಂಗೆ?"

ಕೊನೆಗೊಂದು ದಿನ ಕಡ್ಡಿಗೆ ತಲೆ ಕೆಟ್ಟಿತು. ಬೆಳಿಗ್ಗೆ ಬಸ್ಸಿನ ಹಿಂಬದಿಯಲ್ಲಿ ಕಂಡಿದ್ದ ಒಂದು ಜಾಹೀರಾತು ಅದು ಹೇಗೋ ನಾಲಿಗೆಗೆ ಬಂತು. "ನಾನು ಹಡಗಲ್ಲಿ ಡೆಕ್ ಕೆಲಸಕ್ಕೆ ಸೇರ್ಕೋತೀನಿ ಭಾವ. ಸಾಕಾ?"

ಭಾವ ನಗುತ್ತಾನೆ, ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದಳು. ಭಾವ ನಗಲಿಲ್ಲ. ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಭೇಷ್," ಎಂದ. "ಇದು ನನಗೆ ಹೊಳೆದೇ ಇರಲಿಲ್ಲ ನೋಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಇಸ್ತ್ರಿಗೆ ಬಟ್ಟೆ ತಂದವರೆಲ್ಲ, "ಏನಮ್ಮ, ಮಗಳು ಹಡಗು ಹತ್ತುತಾಳಂತೆ?" ಎಂದು ಕೇಳತೊಡಗಿದರು. ತಾಯಿ ಒಂದು ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾ, "ಅಲ್ಲಿ ಏನು ಕೆಲಸವೇ?" ಎಂದಳು.

"ಡೆಕ್ ಕೆಲಸ."

"ಅಂದ್ರೆ?"

ಕಡ್ಡಿಗೂ ಗೊತ್ತಿರಲಿಲ್ಲ. ಆದರೆ ಬೀದಿಯೆಲ್ಲ ಕೇಳುತ್ತಿರುವಾಗ ಇನ್ನು ಹಿಂದೆ ಸರಿಯುವುದು ಹೇಗೆ? ನಾಳೆ ಹೋಗಿ ಕೇಳಿ ಬಂದರಾಯಿತು, ಇಲ್ಲ ಎನ್ನುತ್ತಾರೆ, ಮರ್ಯಾದೆಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದಳು.

ಹಡಗಿಗೆ ಆಳು ಕಳಿಸುವ ಕಚೇರಿ ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿತ್ತು. ಮೇಜಿನ ಹಿಂದಿದ್ದ ಮೇಡಂ ತಲೆಯೆತ್ತದೆ, "ಅನುಭವ ಇದೆಯಾ?" ಎಂದರು.

"ಇಲ್ಲ ಮೇಡಂ. ಕೆಲಸ ಸಿಕ್ಕಿದರೆ ಬರುತ್ತೆ."

"ಅನುಭವ ಇದ್ದರೆ ಕೆಲಸ ಸಿಗುತ್ತೆ."

ಹುಚ್ಚು ಬಿಡುವವರೆಗೂ ಮದುವೆಯಾಗಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡಲ್ಲ ಅಂದ ಹಾಗೆ. ಕಡ್ಡಿಗೆ ಒಳಗೊಳಗೇ ಸಮಾಧಾನವಾಯಿತು. ಎದ್ದು ಹೊರಡುವಷ್ಟರಲ್ಲಿ ಮೇಡಂ, "ಮೊದಲು ಸುರಕ್ಷತಾ ತರಬೇತಿ ಮುಗಿಸ್ಕೊಂಡು ಬನ್ನಿ, ನೋಡೋಣ" ಅಂದುಬಿಟ್ಟರು. ಆ 'ನೋಡೋಣ'ದಲ್ಲಿ ಸಿಕ್ಕಿಕೊಂಡಳು. ಅದನ್ನು ಮನೆಯಲ್ಲಿ ಬಾಯಿ ಬಿಡಬಾರದಿತ್ತು, ಬಿಟ್ಟಳು. ಭಾವ ತಾನೇ ಹೋಗಿ ತರಬೇತಿಗೆ ಸೇರಿಸಿ ಬಂದ.

ತರಬೇತಿಯಲ್ಲಿ ಅವಳನ್ನು ಕೊಳಕ್ಕೆ ನೂಕಿ ಕೈಕಾಲು ಬಡಿಯಲು ಕಲಿಸಿದರು. ಕಬ್ಬಿಣದ ತೊಟ್ಟಿಯಲ್ಲಿ ಬೆಂಕಿ ಹಚ್ಚಿ ಆರಿಸು ಎಂದರು. ಆರಿಸಿದಳು. ಕಿವಿ ತುಂಬಾ ನೀರು, ಮೂಗು ತುಂಬಾ ಹೊಗೆ. ಇಷ್ಟವಾಗುತ್ತಿದೆಯೋ ಕಷ್ಟವಾಗುತ್ತಿದೆಯೋ ಯೋಚಿಸಲು ಪುರುಸೊತ್ತೇ ಸಿಗಲಿಲ್ಲ. "ಯಾಕಮ್ಮ ಹಡಗಿನ ಕೆಲಸ?" ಎಂದು ಜೊತೆಯವರು ಕೇಳಿದರೆ ಒಬ್ಬರಿಗೆ ಊರು ಸುತ್ತೋ ಆಸೆ ಎಂದಳು, ಇನ್ನೊಬ್ಬರಿಗೆ ಅಜ್ಜ ದೋಣಿಯಲ್ಲಿದ್ದ ಎಂದಳು. ಅಜ್ಜ ದರ್ಜಿ. ಯಾಕೆ ಹಾಗೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ತರಬೇತಿ ಮುಗಿಸಿ ಹೋದರೆ ಮೇಡಂ ಮತ್ತೆ, "ಅನುಭವ?" ಎಂದರು. ಆಗ ಮಾತ್ರ ಕಡ್ಡಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೇಡದ ಕೆಲಸ ಸಿಗದಿದ್ದಕ್ಕೆ ಇಷ್ಟು ಸಿಟ್ಟು ಯಾಕೆ? ಸೈಕಲ್ ಅಂಗಡಿಯ ಮುಂದೆ ನಿಂತು ಅದನ್ನೇ ಯೋಚಿಸಿದಳು, ತಲೆಬುಡ ತಿಳಿಯಲಿಲ್ಲ. ತರಬೇತಿ ಕೊಟ್ಟ ಮೇಷ್ಟ್ರು ಆ ದಾರಿಯಲ್ಲೇ ಬಂದರು. ಕಥೆ ಕೇಳಿ, "ಈ ಮಹಡಿ ಹತ್ತಿ ಇಳಿದು ಚಪ್ಪಲಿ ಸವೆಸಬೇಡಮ್ಮ," ಎಂದರು. "ದೋಣಿ ನಿಲ್ಲೋ ದಕ್ಕೆಗೆ ಹೋಗು. ದೋಣಿಯವರನ್ನೇ ನೇರ ಕೇಳು."

ಮರುದಿನ ಬೆಳಿಗ್ಗೆ ದಕ್ಕೆಗೆ ಹೋದಳು. ನದಿ ಸಮುದ್ರ ಸೇರುವಲ್ಲಿ ಆಚೆ ದಡಕ್ಕೆ ಜನರನ್ನೂ ಗಾಡಿಗಳನ್ನೂ ದಾಟಿಸುವ ಒಂದು ದೊಡ್ಡ ಲಾಂಚು ಹೊರಡಲು ನಿಂತಿತ್ತು. ಅದರ ಅಂಚಿನಲ್ಲಿ ಎಣ್ಣೆ ಮೆತ್ತಿದ ಟೋಪಿಯ ಒಬ್ಬ ಗಟ್ಟಿಮುಟ್ಟು ಮುದುಕ, ಡೆಕ್ಕಿನ ಆಳುಗಳ ಮೇಸ್ತ್ರಿ, ಎಲ್ಲರ ಮೇಲೂ ಕೂಗಾಡುತ್ತಿದ್ದ.

"ಮೇಸ್ತ್ರಿ, ಇಲ್ಲಿ ಏನಾದ್ರೂ ಕೆಲ…"

"ಈಗ ಬಂದ್ಯಾ? ಹಿಡಿ!"

ತೋಳಿನಷ್ಟು ದಪ್ಪದ ಹಗ್ಗ ಬಂದು ಅವಳ ಎದೆಗೆ ಬಡಿಯಿತು. ಹಿಡಿದಳು, ದಕ್ಕೆಯ ಗೂಟದತ್ತ ತಿರುಗಿದಳು. "ಗೂಟಕ್ಕಲ್ಲ ಕಣೇ, ಒಳಗೆ ತಗೊಂಡು ಬಾ! ಬಾಯಿ ಬಿಟ್ಕೊಂಡು ನಿಂತ್ಕೋಬೇಡ!" ಅವಳು ಹಗ್ಗ ಎಳೆದುಕೊಂಡು ಲಾಂಚಿನೊಳಗೆ ಹೋದಳು. ತಿರುಗಿ ನೋಡಿದರೆ ದಕ್ಕೆ ಅಷ್ಟು ದೂರ ಹೋಗಿತ್ತು.

ಇಳಿಯೋಣವೆಂದರೆ ನೀರು. ಹೇಳೋಣವೆಂದರೆ ಮೇಸ್ತ್ರಿ ಆಗಲೇ ಇನ್ನೊಂದು ತುದಿಯಲ್ಲಿ ಕೂಗುತ್ತಿದ್ದ. "ಆ ವ್ಯಾನಿನ ಚಕ್ರಕ್ಕೆ ಮರದ ತುಂಡು ಕೊಡು! ಆ ಅಜ್ಜಿಯನ್ನ ಕೂರಿಸು!" ಅವಳು ತುಂಡು ಕೊಟ್ಟಳು, ಅಜ್ಜಿಯನ್ನು ಕೂರಿಸಿದಳು. ಆಚೆ ದಡದಲ್ಲಿ ಹಗ್ಗ ಎಸೆಯಲು ಹೇಳಿದಾಗ ಎಸೆದಳು. ಅದು ದಡ ಮುಟ್ಟದೆ ನೀರಿಗೆ ಬಿತ್ತು. ಎರಡನೇ ಸಲವೂ ಬಿತ್ತು. ಜನ ನಕ್ಕರು. "ಕಡ್ಡಿ ಹಾಗಿದಾಳೆ, ಹಗ್ಗದ ಜೊತೆ ಇವಳೂ ಹಾರಿ ಹೋಗ್ತಾಳೆ ಹಿಡ್ಕೊಳ್ರೋ" ಎಂದ ಮೇಸ್ತ್ರಿ. ಹೆಸರು ಹೇಳದೆಯೇ ಹೆಸರು ಗೊತ್ತಾಯಿತಲ್ಲ ಎಂದು ಕಡ್ಡಿ ಬೆಚ್ಚಿದಳು. ಸಂಜೆ ಡೆಕ್ಕಿಗೆ ನೀರು ಹೊಡೆದು ಉಜ್ಜಿದ ಮೇಲೆ ಮೇಸ್ತ್ರಿ, "ನಾಳೆಯಾದ್ರೂ ಬೇಗ ಬಾ" ಎಂದು ಹೊರಟೇ ಹೋದ.

ಮನೆಯಲ್ಲಿ ಮೂವರೂ ಕಾಯುತ್ತಿದ್ದರು. "ಕೆಲಸ ಸಿಕ್ತಾ?" ತಾಯಿ ಕೇಳಿದಳು.

"ಗೊತ್ತಿಲ್ಲಮ್ಮ. ಮಾಡಿ ಬಂದೆ."

"ಸಿಕ್ಕದೆ ಹೆಂಗೆ ಮಾಡ್ದೆ?"

"ಹಗ್ಗ ಕೊಟ್ರು, ಹಿಡ್ಕೊಂಡೆ."

ಭಾವ ಗಲ್ಲ ಕೆರೆದುಕೊಂಡ. "ಸಂಬಳದ ಮಾತು?"

"ಕೇಳಿಲ್ಲ."

"ಅಯ್ಯೋ ಪೆದ್ದೇ, ನಾಳೆ ಕೇಳು."

"ಕೇಳಿದ್ರೆ, ನೀನ್ಯಾರು ಅಂತ ಅವರು ಕೇಳಿದ್ರೆ?"

ಅಕ್ಕ ಅವಳ ಅಂಗೈ ತಿರುಗಿಸಿ ನೋಡಿ, ಎದ್ದ ಬೊಬ್ಬೆಗಳಿಗೆ ಎಣ್ಣೆ ಹಚ್ಚಿದಳು.

ಮರುದಿನ ಹೋದಳು, ಅದರ ಮರುದಿನವೂ. ಪ್ರತಿ ದಿನ ಇವತ್ತು ಕೇಳಿಬಿಡೋಣ ಎಂದು ಹೊರಡುವಳು. ಹಗ್ಗ ಬರುವುದು, ಹಿಡಿದು ಓಡುವಳು. ಕ್ಯಾಪ್ಟನ್ ಮೇಲಿನ ಗಾಜಿನ ಕೋಣೆಯಿಂದ ಅವಳನ್ನು ನೋಡುತ್ತಿದ್ದರು. ಮೇಸ್ತ್ರಿ ಕೆಲಸಕ್ಕೆ ತೆಗೆದುಕೊಂಡಿದ್ದಾನೆ ಎಂದು ಅವರು ತಿಳಿದಿದ್ದರು. ಲಾಂಚಿನ ಕಂಪನಿ ಕಳಿಸಿದೆ ಎಂದು ಮೇಸ್ತ್ರಿ ತಿಳಿದಿದ್ದ. ನನ್ನದು ಕೆಲಸವೋ ಕಳ್ಳತನವೋ ಎಂದು ಕಡ್ಡಿಗೆ ಅನುಮಾನ. ಈ ನಡುವೆ ಅವಳ ಹಗ್ಗ ದಡ ಮುಟ್ಟತೊಡಗಿತ್ತು. ಮೊದಲ ಸಲ ಮುಟ್ಟಿದಾಗ ಮೇಸ್ತ್ರಿ ಏನೂ ಬೈಯಲಿಲ್ಲ. ಆ ದಿನವೆಲ್ಲ ಅವಳ ಕಾಲು ಡೆಕ್ಕಿನ ಮೇಲೆ ನಿಲ್ಲಲಿಲ್ಲ.

ಒಂದು ವಾರವೋ ಹತ್ತು ದಿನವೋ ಕಳೆದಿರಬೇಕು, ಬೆಳಿಗ್ಗೆ ದಪ್ಪ ಮೀಸೆಯ, ಬಾಗಿಲಗಲದ ಭುಜದ ಒಬ್ಬ ಆಳು ಚೀಲ ಹೊತ್ತು ಲಾಂಚಿಗೆ ಬಂದ. "ಕಂಪನಿಯವರು ಕಳಿಸಿದಾರೆ. ಜ್ವರ ಬಂದಿತ್ತು, ತಡವಾಯ್ತು."

ಮೇಸ್ತ್ರಿ ಅವನನ್ನು ನೋಡಿದ, ಕಡ್ಡಿಯನ್ನು ನೋಡಿದ, ಟೋಪಿ ತೆಗೆದು ತಲೆ ತುರಿಸಿದ. "ಹಂಗಾದ್ರೆ ನೀನು ಯಾರು?"

ಕಡ್ಡಿ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟಳು. "ನಾನು… ಕೆಲಸ ಕೇಳೋಕೆ ಬಂದಿದ್ದೆ."

"ಯಾವಾಗ?"

"ಅವತ್ತೇ."

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಬಾಯಿ ಬಿಟ್ಕೊಂಡು ನಿಂತ್ಕೋಬೇಡ ಅಂದ್ರಲ್ಲ ಮೇಸ್ತ್ರಿ."

ಹೊಸ ಆಳು ಗೊಳ್ಳೆಂದು ನಕ್ಕ. ಮೇಸ್ತ್ರಿ ನಗಲಿಲ್ಲ. ಅವಳನ್ನು ಕ್ಯಾಪ್ಟನ್ ಕೋಣೆಗೆ ಕರೆದುಕೊಂಡು ಹೋದ. ಕ್ಯಾಪ್ಟನ್ ಕತೆ ಕೇಳಿ ಕಂಪನಿಗೆ ಫೋನ್ ಹಚ್ಚಿದರು. ಕಡ್ಡಿಗೆ ಒಂದು ಕಡೆಯ ಮಾತು ಮಾತ್ರ ಕೇಳುತ್ತಿತ್ತು. "ಹೌದು, ಹೆಣ್ಣುಮಗಳು… ಇಲ್ಲ, ನಾನು ಕರೆದಿಲ್ಲ… ಇಲ್ಲ, ಅವನೂ ಕರೆದಿಲ್ಲ… ತರಬೇತಿ ಆಗಿದೆಯಂತೆ… ಹಗ್ಗ? ಪರವಾಗಿಲ್ಲ, ಎಸೀತಾಳೆ… ಯಾವುದಕ್ಕೆ? ಅದಕ್ಕಾ?… ಸರಿ ಬಿಡಿ, ಕೇಳ್ತೀನಿ."

ಫೋನ್ ಇಟ್ಟು ಕ್ಯಾಪ್ಟನ್ ಅವಳತ್ತ ತಿರುಗಿದರು. "ಇಲ್ಲಿ ಜಾಗ ಇಲ್ಲಮ್ಮ. ಮಾಡಿದ ದಿನಗಳ ಸಂಬಳ ಕೊಡ್ತಾರೆ. ಹೂಳೆತ್ತೋ ಹಡಗಲ್ಲಿ ಒಬ್ಬರು ಬೇಕಂತೆ. ಎರಡು ವಾರ ಅಲ್ಲೇ ಇರಬೇಕು, ಆಮೇಲೆ ಒಂದು ವಾರ ಮನೆ. ಹೋಗ್ತೀಯಾ?"

ಇದು ಬಡ್ತಿಯೋ ಶಿಕ್ಷೆಯೋ ಎಂದು ಕಡ್ಡಿ ಮೇಸ್ತ್ರಿಯ ಮುಖ ನೋಡಿದಳು. ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಇಷ್ಟು ದಿನದಲ್ಲಿ ಅವಳನ್ನು "ಹೋಗ್ತೀಯಾ" ಎಂದು ಕೇಳಿದ್ದು ಇದೇ ಮೊದಲು. ಕೇಳದೆ ನೂಕಿದ್ದರೆ ಎಷ್ಟು ಸಲೀಸಾಗಿತ್ತು ಎನಿಸಿತು. ಔಷಧಿ ಅಂಗಡಿ ನೆನಪಾಯಿತು, ಹಲ್ಲಿನ ಡಾಕ್ಟರ ಬಾಗಿಲು ನೆನಪಾಯಿತು. "ಹೋಗ್ತೀನಿ ಸರ್" ಎಂದಳು. ಹೇಳಿದ ದನಿ ತನ್ನದೇ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು.

ಮೆಟ್ಟಿಲು ಇಳಿಯುವಾಗ ಮೇಸ್ತ್ರಿ ಹಿಂದಿನಿಂದ, "ಕೈಗೆ ದಪ್ಪ ಗ್ಲೌಸು ತಗೋ. ಅಲ್ಲಿ ಹಗ್ಗ ಅಲ್ಲ, ತಂತಿ," ಎಂದ. ಅಷ್ಟೇ ಹೇಳಿ ಹೊಸ ಆಳಿನ ಮೇಲೆ ಕೂಗಾಡಲು ಹೋದ.

ಹೂಳೆತ್ತುವ ಹಡಗು ಎಂದರೆ ಬಂದರಿನ ಬಾಯಲ್ಲಿ ತುಂಬಿಕೊಳ್ಳುವ ಕೆಸರನ್ನು ಎಳೆದು ದೂರ ಕಡಲಿಗೆ ಸುರಿದು ಬರುವ ಒಂದು ತುಕ್ಕಿನ ಮುದ್ದೆ. ಅದು ಎಲ್ಲಿಗೂ ಹೋಗುವುದಿಲ್ಲ, ಹಿಂದೆ ಮುಂದೆ ಓಡಾಡುತ್ತದೆ. ಅಲ್ಲಿ ಕಡ್ಡಿಗೆ ಮೊದಲೆರಡು ದಿನ ವಾಂತಿಯಾಯಿತು. ಮೂರನೆಯ ದಿನ ಹಸಿವಾಯಿತು. ಮಲಗುವ ಹಲಗೆ ಗಿಡ್ಡವಾಗಿತ್ತು, ಇಂಜಿನಿನ ಸದ್ದು ಹಲ್ಲಿನವರೆಗೂ ಬರುತ್ತಿತ್ತು. ತಾಯಿಗೆ ಫೋನ್ ಮಾಡಿದಾಗ, "ಚೆನ್ನಾಗಿದೆಯೇನೇ?" ಎಂದರೆ ಒಂದು ದಿನ ಹೌದೆಂದಳು, ಇನ್ನೊಂದು ದಿನ ಅತ್ತಳು. ಎರಡೂ ನಿಜವೇ ಆಗಿತ್ತು.

ಮೊದಲ ಎರಡು ವಾರದ ಪಾಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಪಂಪು ನೋಡಿಕೊಳ್ಳುವ ಹೆಂಗಸಿನ ಪಕ್ಕ ಕೂತು ಬೂಟಿನ ಕೆಸರು ಕೆರೆಯುತ್ತಾ ಕಡ್ಡಿ ಕೇಳಿದಳು, "ಅಕ್ಕಾ, ಇದು ಯಾವಾಗ ಮುಗಿಯುತ್ತೆ?"

"ಯಾವುದು?"

"ಈ ಹೂಳು."

"ಮುಗಿಯೋದಾ?" ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ನದಿ ತರ್ತಾನೇ ಇರುತ್ತೆ, ನಾವು ತೆಗೀತಾನೇ ಇರಬೇಕು. ಯಾಕೆ, ಬೇಜಾರಾ?"

ಕಡ್ಡಿ ಯೋಚಿಸಿದಳು. ಬೇಜಾರೆಂದರೆ ಬೇಜಾರು, ಇಲ್ಲವೆಂದರೆ ಇಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಸೀಟಿ ಊದಿದರು. ಅವಳು ಗ್ಲೌಸು ಹಾಕಿಕೊಂಡು ಎದ್ದಳು.